ಹೋವಾನಿಬ್ ನದಿಯ ಎರಡು ದಡ

ಮರುಭೂಮಿಗೆ ಜನರನ್ನು ಕಳಿಸುವ ಕೆಲಸದಲ್ಲಿ ಅರ್ಧ ಪಾಲು ಜನರಿಗೆ ‘ನೀವು ಹೋಗಬೇಡಿ’ ಎಂದು ಹೇಳುವುದೇ ಆಗಿರುತ್ತದೆ. ನಾನು ಹೀಗೆಂದಾಗ ರಿಯಾ ನಕ್ಕುಬಿಟ್ಟಳು. ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿರುವ ನಮ್ಮ ಪರಿಚಯದವರ ಮಗಳು ಆಕೆ, ಅಮೆರಿಕದಲ್ಲೇ ಹುಟ್ಟಿ ಬೆಳೆದವಳು. ಈಚೆಗೆ ಒಂದು ಪ್ರವಾಸ ಕಂಪನಿಯಲ್ಲಿ ಆಫ್ರಿಕಾ ವಿಭಾಗಕ್ಕೆ ಸೇರಿದ್ದಾಳೆ.

“ಆಂಟಿ, ಇಂಟರ್ನೆಟ್ ಇಲ್ಲ, ಸೆಲ್ ಫೋನ್ ಇಲ್ಲ. ಹೌ ಡಿಡ್ ಯು ಈವನ್ ಡೂ ಇಟ್? ಬರೀರಿ ಆಂಟಿ, ಪ್ಲೀಸ್.”

ಬರೆಯುವುದಾದರೆ ಕನ್ನಡದಲ್ಲೇ ಬರೆಯುತ್ತೇನೆ, ನಿನ್ನ ಅಮ್ಮ ಓದಿ ಹೇಳಲಿ ಎಂದೆ. ಅವಳು ಒಪ್ಪಿದಳು.

ನಾನು ಶಮೀಮ್, ಮೈಸೂರಿನ ಮಂಡಿ ಮೊಹಲ್ಲಾದವಳು. ಭೂಗೋಳದಲ್ಲಿ ಎಂ.ಎ. ಮಾಡಿ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಮದುವೆಯಾಗಿ ಗಂಡನ ಜೊತೆ ಅಟ್ಲಾಂಟಾ ಬಳಿಯ ಲಾರೆನ್ಸ್‌ವಿಲ್‌ಗೆ ಬಂದ ಮೇಲೆ ಮೊದಲ ಎರಡು ವರ್ಷ ಡ್ರೈವಿಂಗ್ ಕಲಿಯುವುದರಲ್ಲೂ ಚಳಿಗೆ ಬೈಯುವುದರಲ್ಲೂ ಕಳೆಯಿತು. ಆಮೇಲೆ ಬ್ಯೂಫರ್ಡ್ ಹೈವೇಯಲ್ಲಿ, ಒಂದು ಕೊರಿಯನ್ ಹೋಟೆಲಿನ ಮಹಡಿಯ ಮೇಲಿದ್ದ ಸಣ್ಣ ಪ್ರವಾಸ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕಚೇರಿಯ ಒಡತಿ ಮಿಸ್ ಈವ್ಲಿನ್. ದಕ್ಷಿಣ ಕ್ಯಾರೊಲಿನಾದವರು, ಅರವತ್ತು ದಾಟಿದವರು, ಒಂದೊಂದು ಶಬ್ದವನ್ನೂ ಬೆಲ್ಲದ ಪಾಕದ ಹಾಗೆ ಎಳೆದು ಮಾತಾಡುವವರು. ಸಂದರ್ಶನದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ, ಆಫ್ರಿಕಾದ ಎರಡು ಮರುಭೂಮಿಗಳ ಬಗ್ಗೆ: ಕಲಹಾರಿ ಎಲ್ಲಿದೆ, ನಮೀಬ್ ಎಲ್ಲಿದೆ? ಎರಡರ ನಡುವಿನ ವ್ಯತ್ಯಾಸವನ್ನೂ ಸೇರಿಸಿ ಹೇಳಿದೆ. ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಕೂತವರಿಗೆ ನಮೀಬಿಯಾ ಎಂಬ ದೇಶ ಇದೆಯೆಂದೇ ಗೊತ್ತಿರಲಿಲ್ಲವಂತೆ. ಆ ದೇಶವಾದರೂ ಆಗಷ್ಟೇ ಸ್ವತಂತ್ರವಾಗಿತ್ತು.

ಕೆಲಸ ನಡೆಯುತ್ತಿದ್ದುದು ಫ್ಯಾಕ್ಸಿನಲ್ಲಿ. ಸಂಜೆ ಮನೆಗೆ ಹೊರಡುವ ಮುನ್ನ ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ಗೆ ಪ್ರಶ್ನೆ ಕಳಿಸಿದರೆ, ಬೆಳಿಗ್ಗೆ ಬರುವಷ್ಟರಲ್ಲಿ ಉತ್ತರ ಸುರುಳಿ ಸುತ್ತಿಕೊಂಡು ನೆಲದ ಮೇಲೆ ಬಿದ್ದಿರುತ್ತಿತ್ತು. ಅರ್ಧ ಅಕ್ಷರಗಳು ಅಳಿಸಿಹೋಗಿರುತ್ತಿದ್ದವು. ಒಮ್ಮೆ ಡೇರೆ ಇದೆ ಎನ್ನಲು ‘ಶೆಲ್ಟರ್’ ಎಂದು ಬಂದದ್ದನ್ನು ‘ಚೀಟಾ’, ಅಂದರೆ ಚಿರತೆ, ಎಂದು ಓದಿಕೊಂಡ ಮಿಸ್ ಈವ್ಲಿನ್ ಅದನ್ನೇ ಗಿರಾಕಿಗಳಿಗೆ ಹೇಳಿಬಿಟ್ಟಿದ್ದರು. ಆ ಪ್ರವಾಸದಲ್ಲಿ ಡೇರೆಗಳೇನೋ ಬೇಕಾದಷ್ಟು ಇದ್ದವು. ಚಿರತೆ ಮಾತ್ರ ಕಾಣಲಿಲ್ಲ. ವಾಪಸು ಬಂದವರು ದೂರು ಕೊಡಲು ಬಂದಾಗ ಮಿಸ್ ಈವ್ಲಿನ್ ಎಲ್ಲರಿಗೂ ಪೀಚ್ ಹಣ್ಣಿನ ಕಡುಬು ತಿನ್ನಿಸಿ ಕಳಿಸಿದರು. ತಪ್ಪು ಒಪ್ಪಿಕೊಳ್ಳಲಿಲ್ಲ. ಅದು ಅವರ ಸ್ವಭಾವ.

ಗಿರಾಕಿಗಳು ತಾವಾಗಿ ಬರುತ್ತಿರಲಿಲ್ಲ, ನಾವೇ ಹುಡುಕಿಕೊಂಡು ಹೋಗಬೇಕಿತ್ತು. ಸ್ಲೈಡ್ ಪ್ರೊಜೆಕ್ಟರನ್ನು ಕಾರಿನ ಟ್ರಂಕಿನಲ್ಲಿಟ್ಟುಕೊಂಡು ನಾನು ಷಾರ್ಲೆಟ್, ಗ್ರೀನ್‌ವಿಲ್, ಕೊಲಂಬಿಯಾ ಎಂದು ಊರೂರು ಸುತ್ತುತ್ತಿದ್ದೆ. ಚರ್ಚಿನ ಸಭಾಂಗಣ, ಲೈಬ್ರರಿಯ ನೆಲಮಾಳಿಗೆ, ನಿವೃತ್ತರ ಕ್ಲಬ್ಬು, ಎಲ್ಲಿ ಕರೆದರೆ ಅಲ್ಲಿ. ತಲೆಗೆ ದುಪಟ್ಟಾ ಹೊದ್ದ ಒಬ್ಬ ಭಾರತದ ಹೆಂಗಸು ಆಫ್ರಿಕಾದ ಬಗ್ಗೆ ಮಾತಾಡಲು ನಿಂತರೆ ಜನ ಮೊದಲು ಕೇಳುತ್ತಿದ್ದುದು, “ನೀವು ಅಲ್ಲಿಯವರಾ?” ಎಂದು. ಅಲ್ಲ ಎಂದು ಹೇಳಿ ಮೊದಲ ಸ್ಲೈಡು ಹಾಕುತ್ತಿದ್ದೆ.

ಗ್ರೀನ್‌ವಿಲ್‌ನ ಲೈಬ್ರರಿಯಲ್ಲಿ ಒಂದು ಸಲ ಕೆಂಪು ಮರಳುಗುಡ್ಡದ ಚಿತ್ರ ಬರುವ ಹೊತ್ತಿಗೆ ಪ್ರೊಜೆಕ್ಟರಿನ ಬಲ್ಬು ಟಪ್ಪೆಂದು ಸುಟ್ಟುಹೋಯಿತು. ನೆಲಮಾಳಿಗೆ ಕಗ್ಗತ್ತಲಾಯಿತು. ಲೈಬ್ರರಿಯವರು ಸ್ವಿಚ್ಚು ಹುಡುಕುತ್ತಾ ಗೋಡೆ ತಡಕುತ್ತಿದ್ದರು. ಆ ಕತ್ತಲಲ್ಲಿ ಹಿಂದಿನ ಸಾಲಿನಿಂದ ಒಂದು ಹೆಣ್ಣು ದನಿ ಕೇಳಿತು:

“ಅಲ್ಲಿ ಏನು ಕೇಳಿಸುತ್ತದೆ?”

ಯಾರೂ ಕೇಳದ ಪ್ರಶ್ನೆ ಅದು. ಎಲ್ಲರಿಗೂ ಬೇಕಾಗಿದ್ದುದು ಅಲ್ಲಿ ಏನು ಕಾಣಿಸುತ್ತದೆ ಎಂಬುದು. ಅದಾಗಲೇ ಒಂದು ಸಲ ಹೋಗಿಬಂದಿದ್ದ ನಾನು ನಿಜವನ್ನೇ ಹೇಳಿದೆ: “ಏನೂ ಕೇಳಿಸುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ನಿಮ್ಮ ಕಿವಿಯೊಳಗೆ ರಕ್ತ ಓಡುವುದು ಕೇಳಿಸುತ್ತದೆ.”

ದೀಪ ಬಂದಾಗ ಪ್ರಶ್ನೆ ಕೇಳಿದವರು ಯಾರೆಂದು ತಿಳಿಯಲಿಲ್ಲ. ಸಭೆ ಮುಗಿದ ಮೇಲೆ ಎತ್ತರದ ಗಂಡಸೊಬ್ಬರು ಹೆಂಡತಿಯ ಬೆನ್ನ ಮೇಲೆ ಕೈಯಿಟ್ಟು ಅವರನ್ನು ಮುಂದಕ್ಕೆ ನಡೆಸಿಕೊಂಡು ಬಂದರು. ಹೆಸರು ಹೆರಾಲ್ಡ್. ಬಟ್ಟೆ ಗಿರಣಿಯೊಂದರ ಮ್ಯಾನೇಜರಾಗಿ ನಿವೃತ್ತರಾದವರು. “ಇವಳು ಬೆಟ್ಟಿ. ಇವಳಿಗೆ ಆನೆ ಎಂದರೆ ಇಷ್ಟ. ಮಾರ್ಚ್‌ನಲ್ಲಿ ಅರವತ್ತು ತುಂಬುತ್ತದೆ. ಆ ದಿನ ನಾವು ಅಲ್ಲಿರಬೇಕು” ಎಂದರು. ಬೆಟ್ಟಿ ನಗುತ್ತಾ ನಿಂತಿದ್ದರು. ಹೊರಡುವಾಗ “ಗುಡ್‌ನೈಟ್, ಡಿಯರ್” ಎಂದರು. ಆಗ ದನಿಯ ಗುರುತು ಸಿಕ್ಕಿತು.

ಮಾರ್ಚ್ ಎಂದಾಗಲೇ ನನಗೆ ಕಸಿವಿಸಿಯಾಗಿತ್ತು. ನಮೀಬಿಯಾದಲ್ಲಿ ಅದು ಮಳೆಗಾಲದ ಕೊನೆ. ಪಶ್ಚಿಮದ ಮರಳಿನಲ್ಲಿ ಹನಿ ಬೀಳದಿರಬಹುದು. ಆದರೆ ಪೂರ್ವದ ಬೆಟ್ಟಗಳಲ್ಲಿ ಸುರಿದದ್ದು ವರ್ಷವಿಡೀ ಒಣಗಿ ಬಿದ್ದಿರುವ ನದಿಗಳಲ್ಲಿ ಒಮ್ಮೆಗೇ ನುಗ್ಗಿ ಬರುತ್ತದೆ. ಇದನ್ನು ಮಿಸ್ ಈವ್ಲಿನ್‌ಗೆ ಭೂಪಟ ಹರಡಿ ತೋರಿಸಿದೆ.

“ಶಮೀಮ್, ಹನೀ, ಅದು ಮರುಭೂಮಿ. ಮರುಭೂಮಿಯಲ್ಲಿ ಎಂಥ ಪ್ರವಾಹ?”

“ಮಳೆ ಅಲ್ಲಿ ಬೀಳುವುದಿಲ್ಲ. ನೀರು ಮಾತ್ರ ಅಲ್ಲಿಗೆ ಬರುತ್ತದೆ.”

“ಹಾಗಾದರೆ ನೀನೇ ಜೊತೆಗೆ ಹೋಗು” ಎಂದರು. ವಾದ ಮುಗಿದದ್ದು ಹಾಗೆ. ಅಲ್ಲಿಯವರೆಗೆ ಏರ್ಪಾಡು ಮಾತ್ರ ಮಾಡುತ್ತಿದ್ದವಳು ತಂಡದ ಮುಂದಾಳಾದದ್ದೂ ಹಾಗೆಯೇ.

ಹೆರಾಲ್ಡ್ ಜೊತೆ ಫೋನಿನಲ್ಲಿ ಹಲವು ಸಲ ಮಾತಾಡಿದೆ. ಬೆಟ್ಟಿಯ ಬಗ್ಗೆ ಏನು ಕೇಳಿದರೂ ಉತ್ತರ ಕೊಡುತ್ತಿದ್ದವರು ಅವರೇ. ಅವಳ ಶೂ ಅಳತೆ, ಅವಳಿಗೆ ಸೇರದ ತರಕಾರಿ, ಅವಳ ಕಾಯಿಲೆ. ಬೆಟ್ಟಿಗೆ ಚಿಕ್ಕ ವಯಸ್ಸಿನಿಂದಲೂ ಸಕ್ಕರೆ ಕಾಯಿಲೆ ಇತ್ತು. ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚಬೇಕು. “ಅದು ನನ್ನ ಜವಾಬ್ದಾರಿ. ಮದುವೆಯಾದಾಗಿನಿಂದ ಒಂದು ಹೊತ್ತೂ ತಪ್ಪಿಸಿಲ್ಲ” ಎಂದರು. ಆ ಮಾತಿನಲ್ಲಿ ಹೆಮ್ಮೆಯಿತ್ತು, ಅದು ನ್ಯಾಯವಾದ ಹೆಮ್ಮೆಯೂ ಹೌದು. ಔಷಧಿ ಯಾರ ಕೈಯಲ್ಲಿರಬೇಕು, ಯಾವ ಗಾಡಿಯಲ್ಲಿರಬೇಕು ಎಂದು ಆಗ ಯಾವ ಕಂಪನಿಯೂ ಕೇಳುತ್ತಿರಲಿಲ್ಲ.

ಅದೇ ತಂಡಕ್ಕೆ ಕನ್ನಡದ ಜೋಡಿಯೊಂದು ಸೇರಿತು. ಗುರುಪ್ರಸಾದ್ ಬೆಂಗಳೂರಿನವನು. ಕೆಲಸದ ವೀಸಾದ ಮೇಲೆ ಬಂದು ಡುಲುತ್‌ನಲ್ಲಿದ್ದ ಸಾಫ್ಟ್‌ವೇರ್ ಹುಡುಗ. ಭಾನುವಾರ ಲಾರೆನ್ಸ್‌ವಿಲ್‌ನ ಪಾರ್ಕಿನಲ್ಲಿ ನಮ್ಮವರು ಆಡುತ್ತಿದ್ದ ಕ್ರಿಕೆಟ್ಟಿನಲ್ಲಿ ವೇಗದ ಬೌಲರ್. ಹೆಂಡತಿ ಸುಮಾ ಮೈಸೂರಿನವಳು. ಹೋಗೋಣ ಎಂದು ಹಟ ಹಿಡಿದವಳು ಅವಳೇ. ಅವನಿಗೆ ಒಂದೇ ಚಿಂತೆ.

“ಆಂಟಿ, ವಾಪಸ್ ಬರೋವಾಗ ಇಮಿಗ್ರೇಷನ್‌ನಲ್ಲಿ ಏನಾದ್ರೂ ಪ್ರಾಬ್ಲಮ್ ಆದ್ರೆ? ಕಂಪನಿ ಲಾಯರ್‌ನ ಕೇಳಿದ್ದೀನಿ, ಅವ್ರು ಇನ್ನೂ ರಿಪ್ಲೈ ಮಾಡಿಲ್ಲ.”

“ಗುರು, ನಿನ್ ವೀಸಾ ಸ್ಟ್ಯಾಂಪ್ ಇನ್ನೂ ವ್ಯಾಲಿಡ್ ಇದೆ. ನಾನೇ ನೋಡಿದ್ದೀನಿ ಕಣೋ” ಎಂದಳು ಸುಮಾ.

ನಮೀಬಿಯಾದ ವೀಸಾಕ್ಕಾಗಿ ಅವರಿಬ್ಬರ ಮತ್ತು ನನ್ನ ಭಾರತದ ಪಾಸ್‌ಪೋರ್ಟುಗಳನ್ನು ಹಿಡಿದುಕೊಂಡು ನಾನೇ ವಾಷಿಂಗ್ಟನ್‌ಗೆ ಹೋದೆ. ಅಂಚೆಯಲ್ಲಿ ಕಳಿಸಲು ಗುರು ಒಪ್ಪಲಿಲ್ಲ. ರಾಯಭಾರ ಕಚೇರಿಯ ಅಧಿಕಾರಿ ನನ್ನನ್ನು ನೋಡಿ, “ಅಟ್ಲಾಂಟಾದಲ್ಲಿರುವ ಭಾರತೀಯರು ನಮ್ಮ ದೇಶಕ್ಕೆ ಯಾಕೆ ಹೋಗುತ್ತಾರೆ?” ಎಂದು ನಿಜವಾದ ಕುತೂಹಲದಿಂದಲೇ ಕೇಳಿದರು. ಮರಳು ನೋಡಲು ಎಂದೆ. “ನಾನು ಅದನ್ನು ನೋಡಬಾರದೆಂದು ಇಲ್ಲಿ ಬಂದು ಕೂತಿದ್ದೇನೆ” ಎಂದು ಮೊಹರು ಒತ್ತಿಕೊಟ್ಟರು.

ಪ್ರವಾಸದ ಮೊದಲ ವಾರ ಎಲ್ಲವೂ ಸರಿಯಾಗಿತ್ತು. ಎರಡು ಜೀಪುಗಳು. ಮೊದಲನೆಯದನ್ನು ಓಡಿಸುತ್ತಿದ್ದವನು ಪೆಟ್ರುಸ್, ಅಲ್ಲಿಯವನೇ. ಅಗಲ ಅಂಚಿನ ಟೊಪ್ಪಿಗೆಯ ಬಗ್ಗೆ ಬಹಳ ಜಂಬ, ಬಾಯಿಗೆ ಬಿಡುವಿಲ್ಲ. ಎರಡನೆಯದರ ಚಾಲಕ ಇಮ್ಯಾನುಯೆಲ್ ಮಾತು ಕಡಿಮೆಯವನು. ವಿಂಡ್‌ಹುಕ್‌ನೊಂದಿಗೆ ಮಾತಾಡುವ ರೇಡಿಯೊ ಇದ್ದುದು ಅವನ ಗಾಡಿಯಲ್ಲಿ. ದಿನವಿಡೀ ಓಡಿದರೂ ಎದುರಿಗೆ ಇನ್ನೊಂದು ಗಾಡಿ ಬಾರದ ದಾರಿಗಳು. ಕಲ್ಲು, ಮರಳು, ಮತ್ತೆ ಕಲ್ಲು. ಸಂಜೆ ಡೇರೆ ಹಾಕಿದ ಮೇಲೆ ಎಲ್ಲರೂ ಮಾತಾಡುತ್ತಾ ಕೂತರೆ ಬೆಟ್ಟಿ ಒಬ್ಬರೇ ಸ್ವಲ್ಪ ದೂರ ಹೋಗಿ ನಿಲ್ಲುತ್ತಿದ್ದರು. ಕೂಡಲೇ ಹೆರಾಲ್ಡ್ ಕೂಗುತ್ತಿದ್ದರು: “ಬೆಟ್ಟಿ, ಚೇಳು ಇರುತ್ತವೆ, ಬಾ ಇಲ್ಲಿ.” ಬೆಟ್ಟಿ ಬರುತ್ತಿದ್ದರು.

ಹೋವಾನಿಬ್ ನದಿ ತಲುಪಿದ್ದು ಒಂದು ಮಧ್ಯಾಹ್ನ. ನದಿ ಎಂದರೆ ಬೆಟ್ಟಗಳ ನಡುವೆ ಹರಡಿದ ಅಗಲವಾದ ಮರಳು, ಅಂಚಿನಲ್ಲಿ ಮರಗಳು, ಆ ಮರಗಳ ಕಾಯಿಗಾಗಿ ಬರುವ ಆನೆಗಳು. ಹೆರಾಲ್ಡ್‌ಗೆ ಆನೆಯ ಫೋಟೊ ತೆಗೆಯಲು ಎರಡನೆಯ ಜೀಪಿನ ಕಿಟಕಿ ಬೇಕಿತ್ತು. ಅವರು ಅಲ್ಲಿ ಕೂತು, ಕುಲುಕಾಟ ಕಡಿಮೆ ಎಂದು ಬೆಟ್ಟಿಯನ್ನು ನನ್ನ ಜೀಪಿಗೆ ಕಳಿಸಿದರು. ಸುಮಾ ನಮ್ಮ ಜೊತೆ ಬಂದಳು. ಗುರು ಹೆರಾಲ್ಡ್ ಜೊತೆ ಉಳಿದ. ನಾವು ಒಣ ನದಿಯನ್ನು ದಾಟಿ ಉತ್ತರದ ದಡ ಹತ್ತಿದೆವು. ಅವರು ದಕ್ಷಿಣದ ದಡದಲ್ಲಿ ಆನೆಗಳ ಮುಂದೆ ನಿಂತಿದ್ದರು. ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ.

ಮೊದಲು ಆನೆಗಳು ಹೊರಟವು. ಅವಸರವಿಲ್ಲದೆ, ಒಂದರ ಹಿಂದೆ ಒಂದು, ದಿಣ್ಣೆಯ ಕಡೆಗೆ. ಆಮೇಲೆ ದೂರದಲ್ಲಿ ಲಾರಿ ಬರುವಂಥ ಸದ್ದಾಯಿತು. ಲಾರಿಯಿಲ್ಲದ ದೇಶದಲ್ಲಿ ಎಂಥ ಲಾರಿ ಎಂದು ನಾನು ತಿರುಗುವಷ್ಟರಲ್ಲಿ ಮರಳಿನ ಮೇಲೆ ಕಂದು ನಾಲಿಗೆಯೊಂದು ಚಾಚಿಕೊಂಡು ಬಂತು. ನೊರೆ, ಕಡ್ಡಿ, ಲದ್ದಿ, ಸತ್ತ ಹಾವು. ನಡೆಯುವ ಮನುಷ್ಯನ ವೇಗವಷ್ಟೇ. ನೋಡುತ್ತಾ ನಿಂತರೆ ಆಟದಂತೆ ಕಾಣುತ್ತಿತ್ತು. ಅದರ ಹಿಂದೆ ನಿಜವಾದ ನೀರು ಬಂತು, ಬೇರುಸಹಿತ ಮರಗಳನ್ನು ಉರುಳಿಸಿಕೊಂಡು. ಸ್ವಲ್ಪ ಹೊತ್ತಿನಲ್ಲಿ ಎರಡು ಜೀಪುಗಳ ನಡುವೆ ಕಾವೇರಿಯಷ್ಟು ಅಗಲದ ಕೆಸರು ಹರಿಯುತ್ತಿತ್ತು. ಆಚೆ ದಡದಲ್ಲಿ ಹೆರಾಲ್ಡ್ ಏನೋ ಕೂಗುತ್ತಾ ಎರಡೂ ಕೈ ಬೀಸುತ್ತಿದ್ದರು. ನೀರಿನ ಸದ್ದಿನಲ್ಲಿ ಒಂದು ಅಕ್ಷರವೂ ಕೇಳಿಸಲಿಲ್ಲ.

“ಅವನು ಏನು ಹೇಳುತ್ತಿದ್ದಾನೆಂದು ನನಗೆ ಗೊತ್ತು. ಇನ್ಸುಲಿನ್ ಅಲ್ಲಿದೆ. ಐಸ್ ಪೆಟ್ಟಿಗೆಯಲ್ಲಿ” ಎಂದರು ಬೆಟ್ಟಿ.

ಬೆಳಗಾಗುವಷ್ಟರಲ್ಲಿ ನೀರು ಇಳಿಯುತ್ತದೆ ಎಂದು ಪೆಟ್ರುಸ್ ಆಣೆಯಿಟ್ಟು ಹೇಳಿದ. ಬೆಳಿಗ್ಗೆ ನೋಡಿದರೆ ಇನ್ನೂ ಏರಿತ್ತು. ಪೆಟ್ರುಸ್‌ನ ಬಾಯಿ ಮೊದಲ ಬಾರಿಗೆ ನಿಂತಿತು. ಬೆಟ್ಟಿಯ ಸಂಜೆಯ ಇಂಜೆಕ್ಷನ್ ತಪ್ಪಿತ್ತು, ಬೆಳಗಿನದೂ ತಪ್ಪಿತು. ಅವರು ನೀರು ಕುಡಿಯುತ್ತಲೇ ಇದ್ದರು. ಆಮೇಲೆ ಕುಡಿದದ್ದನ್ನು ಕಾರಿಕೊಂಡರು. ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ ಬರತೊಡಗಿತು. ಅದರ ಅರ್ಥ ಏನೆಂದು ನನಗೆ ಆಗ ಗೊತ್ತಿರಲಿಲ್ಲ. ಬೆಟ್ಟಿಗೆ ಗೊತ್ತಿತ್ತು: ಇನ್ಸುಲಿನ್ ಇಲ್ಲದೆ ರಕ್ತ ವಿಷವಾಗುತ್ತಿತ್ತು. ಸಂಜೆಯವರೆಗೆ ತಡೆಯಬಹುದು, ಅದರಾಚೆ ಹೇಳಲಾರೆ ಎಂದು ಸಮಾಧಾನವಾಗಿಯೇ ತಿಳಿಸಿದರು.

ಆಚೆ ದಡದಿಂದ ಇಮ್ಯಾನುಯೆಲ್ ರೇಡಿಯೊದಲ್ಲಿ ಮಾತಾಡಿ ಕೈಯಾಡಿಸಿ ತೋರಿಸಿದ: ವಿಮಾನ ಇಲ್ಲ. ಆಮೇಲೆ ತಿಳಿದದ್ದೆಂದರೆ, ಹತ್ತಿರದ ಮಣ್ಣಿನ ಓಡುದಾರಿ ನೀರಿನಡಿ ಇತ್ತಂತೆ. ಪೆಟ್ರುಸ್ ನದಿಯ ಮೇಲ್ಭಾಗದ ಕಡೆ ಬೆರಳು ಮಾಡಿ, ಎರಡು ಅಂಗೈಗಳನ್ನು ಹತ್ತಿರ ತಂದು ತೋರಿಸಿದ. ಮೇಲೆ ಒಂದು ಕಡೆ ಬೆಟ್ಟಗಳು ಸೇರಿ ನದಿ ಕಿರಿದಾಗುತ್ತದೆ. ಇಮ್ಯಾನುಯೆಲ್ ಸರಿ ಎಂದು ತಲೆಯಾಡಿಸಿದ. ಎರಡೂ ಜೀಪುಗಳು ಎರಡು ದಡಗಳಲ್ಲಿ ಕಲ್ಲು ಹತ್ತಿ ಇಳಿದು ಹೊರಟವು. ಬೆಟ್ಟಿಯ ತಲೆ ಸುಮಾಳ ತೊಡೆಯ ಮೇಲಿತ್ತು.

“ಆಂಟಿ, ಇವ್ರು ಕಣ್ ಮುಚ್ಚಿದ್ರೆ ಎಬ್ಬಿಸ್ಬೇಕಾ ಬೇಡ್ವಾ?” ಎಂದು ಸುಮಾ ಕೇಳಿದಳು.

“ಮಾತಾಡಿಸ್ತಾ ಇರು.”

ಸುಮಾ ಮಾತಾಡಿಸಿದಳು. ಅಮ್ಮನ ಅಡುಗೆ, ಕಾಲೇಜು, ಚಾಮುಂಡಿಬೆಟ್ಟದ ಮೆಟ್ಟಿಲು, ಬಾಯಿಗೆ ಬಂದದ್ದೆಲ್ಲ. ಬೆಟ್ಟಿ ನಡುವೆ ಒಮ್ಮೆ ಕಣ್ಣು ತೆರೆದು ನನ್ನ ಕಡೆ ನೋಡಿ ಹೇಳಿದರು: “ನಾನು ಒಮ್ಮೆಯೂ ನನಗೇ ಚುಚ್ಚಿಕೊಂಡಿಲ್ಲ. ಮೊದಲು ಅಮ್ಮ, ಆಮೇಲೆ ಹೆರಾಲ್ಡ್.”

ಕಣಿವೆಯಲ್ಲಿ ನದಿ ನಿಜವಾಗಿಯೂ ಕಿರಿದಾಗಿತ್ತು. ಎರಡೂ ಕಡೆ ಕಪ್ಪು ಬಂಡೆ, ನಡುವೆ ಕುದಿಯುವ ನೀರು. ಕ್ರಿಕೆಟ್ ಪಿಚ್ಚಿನ ಎರಡು ಮೂರು ಪಟ್ಟು ಅಂತರ ಇರಬಹುದು. ಗಂಟಲು ಹರಿಯುವಂತೆ ಕೂಗಿದರೆ ಮಾತು ಕೇಳಿಸುತ್ತಿತ್ತು. ಹೆರಾಲ್ಡ್ ಆಗಲೇ ಶೂ ಬಿಚ್ಚುತ್ತಿದ್ದರು. ಔಷಧಿಯನ್ನು ತಲೆಗೆ ಕಟ್ಟಿಕೊಂಡು ಈಜುತ್ತೇನೆಂದು ಹಟ. ಇಮ್ಯಾನುಯೆಲ್ ಅವರ ಸೊಂಟ ಹಿಡಿದು ನಿಂತಿದ್ದ. ನಮ್ಮ ಕಣ್ಣೆದುರೇ ಒಂದು ಇಡೀ ಮರ ಆ ನೀರಿನಲ್ಲಿ ಮುಳುಗಿ, ಬಹಳ ಕೆಳಗೆ ಎರಡು ತುಂಡಾಗಿ ಎದ್ದಿತು. ಹೆರಾಲ್ಡ್ ಅದನ್ನು ನೋಡಿ ಶೂ ಮತ್ತೆ ಹಾಕಿಕೊಂಡರು.

ಆಗ ಗುರು ಕೂಗಿದ, ಕನ್ನಡದಲ್ಲಿ:

“ಸುಮಾ! ನಾನ್ ಥ್ರೋ ಮಾಡ್ತೀನಿ! ಕ್ಯಾಚ್ ಹಿಡೀತೀಯಾ?”

ಸುಮಾ ಮೈಸೂರಿನ ಕಾಲೇಜಿನಲ್ಲಿ ಥ್ರೋಬಾಲ್ ತಂಡದ ನಾಯಕಿಯಾಗಿದ್ದವಳು. ನನಗೆ ಅದು ತಿಳಿದದ್ದು ಆ ಬಂಡೆಯ ಮೇಲೆ. ಅವಳು ಚಪ್ಪಲಿ ಬಿಟ್ಟು, ಬಂಡೆಯ ಮೇಲೆ ಕಾಲೂರಿ ನಿಂತಳು.

ಹೆರಾಲ್ಡ್ ತಮ್ಮ ಕ್ಯಾಮೆರಾದ ದೊಡ್ಡ ಲೆನ್ಸಿಗೆ ಇದ್ದ ಮೆತ್ತೆಯ ಚೀಲವನ್ನು ಬಿಚ್ಚಿದರು. ಇಡೀ ವಾರ ಯಾರಿಗೂ ಮುಟ್ಟಲು ಬಿಡದ ಲೆನ್ಸನ್ನು ಮರಳಿನ ಮೇಲೆ ಹಾಗೆಯೇ ಎಸೆದರು. ಅವರ ಬಳಿ ಎರಡು ಬಾಟಲಿ ಇನ್ಸುಲಿನ್ ಇತ್ತು. ಎರಡನ್ನೂ ಒಟ್ಟಿಗೆ ಕಳಿಸುವುದು ಬೇಡವೆಂದು ಒಂದನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ, ಅರ್ಧ ಸಿರಿಂಜುಗಳ ಜೊತೆ ಚೀಲಕ್ಕೆ ತುಂಬಿದರು. ಗುರು ಓಡಿ ಬಂದು ಎಸೆದ. ವೇಗದ ಬೌಲರನ ಎಸೆತ, ನೇರ, ಕೆಳಮಟ್ಟದ್ದು. ಸುಮಾಳ ಕಾಲ ಕೆಳಗಿನ ಬಂಡೆಗೆ ಬಡಿದು ಪುಟಿದು ನೀರಿಗೆ ಬಿತ್ತು. ಕಾಣದಂತೆ ಹೋಯಿತು.

ಗುರು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕುಳಿತುಬಿಟ್ಟ. ಹೆರಾಲ್ಡ್ ಉಳಿದ ಬಾಟಲಿಯನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದರು. ಕೊಡುವುದಿಲ್ಲ ಎಂದು ಅವರು ತಲೆಯಾಡಿಸುವುದು ಇಲ್ಲಿಂದಲೇ ಕಾಣುತ್ತಿತ್ತು. ಅವರನ್ನು ತಪ್ಪೆನ್ನಲಾಗದು. ಅದು ಹೋದರೆ ಎಲ್ಲವೂ ಹೋದಂತೆ.

“ಗುರು! ಏಳೋ!” ಸುಮಾ ಅರಚಿದಳು. “ಬೌಲಿಂಗ್ ಮಾಡ್ಬೇಡ! ಲೂಪ್ ಮಾಡು! ಮೇಲಕ್ಕೆ ಹಾಕು, ನಾನ್ ಅದ್ರ ಕೆಳಗೆ ಬರ್ತೀನಿ!”

“ಜಾರ್ತೀಯಾ ಕಣೆ! ಮುಂದೆ ನೀರಿದೆ!”

“ನನ್ ವಿಷ್ಯ ನಂಗ್ ಬಿಡು! ನೀನ್ ಎಸಿ!”

ಹೆರಾಲ್ಡ್ ಗುರುವಿನ ತೋಳು ಹಿಡಿದು ಅವಳು ಏನು ಹೇಳುತ್ತಿದ್ದಾಳೆಂದು ಕೇಳಿದರಂತೆ. ಗುರು ಹೇಳಿದನಂತೆ, “ನಾನು ಎಸೆದದ್ದು ತಪ್ಪು, ಅವಳು ಹೇಳಿದ ಹಾಗೆ ಎಸೆಯಬೇಕಂತೆ.” ಇದನ್ನು ಅವನು ಆಮೇಲೆ ನನಗೆ ತಿಳಿಸಿದ. ಹೆರಾಲ್ಡ್ ಈಚೆ ದಡದ ಕಡೆ ತಿರುಗಿದರು. ಬೆಟ್ಟಿಯನ್ನು ನಾನೂ ಪೆಟ್ರುಸ್‌ನೂ ಹಿಡಿದು ಬಂಡೆಗೆ ಒರಗಿಸಿ ಕೂರಿಸಿದ್ದೆವು. ಅವರು ಕೈ ಎತ್ತಿ, ಕೊಡು ಎಂಬಂತೆ ಒಮ್ಮೆ ಅಲ್ಲಾಡಿಸಿದರು. ಹೆರಾಲ್ಡ್ ತಮ್ಮ ಅಂಗಿಯನ್ನು ಬಿಚ್ಚಿ ಬಾಟಲಿಯನ್ನೂ ಉಳಿದ ಸಿರಿಂಜುಗಳನ್ನೂ ಅದರಲ್ಲಿ ಸುತ್ತಿದರು. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. ಕೊನೆಗೆ ಕೊಟ್ಟರು.

ಗುರು ಈ ಸಲ ಓಡಲಿಲ್ಲ. ನಿಂತಲ್ಲೇ ಹಿಂದಕ್ಕೆ ಬಾಗಿ ಆಕಾಶಕ್ಕೆ ಎಸೆದ. ಬಿಳಿಯ ಗಂಟು ಕಣಿವೆಯ ಮೇಲೆ ಏರಿ, ಅಂಗಿಯ ಒಂದು ತೋಳು ಬಿಚ್ಚಿಕೊಂಡು ಗಾಳಿಯಲ್ಲಿ ಪಟಪಟಿಸುತ್ತಾ ಇಳಿಯಿತು. ಸುಮಾ ಮೂರು ಹೆಜ್ಜೆ ಮುಂದೆ ಹೋದಳು. ಬಂಡೆಯ ಅಂಚಿಗೆ. ಗಂಟು ಅವಳ ಹೊಟ್ಟೆಗೆ ಬಡಿಯಿತು. ಅದನ್ನು ಅಪ್ಪಿಕೊಂಡೇ ಅವಳು ಮಗ್ಗುಲಾಗಿ ಬಿದ್ದಳು. ಪೆಟ್ರುಸ್ ಹಾರಿ ಅವಳ ಕಾಲು ಹಿಡಿದ. ಅವನ ಟೊಪ್ಪಿಗೆ ಆ ಕ್ಷಣದಲ್ಲಿ ನೀರಿಗೆ ಹೋಯಿತು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಬಾಟಲಿ ಒಡೆದಿರಲಿಲ್ಲ. ಸುಮಾಳ ಮೊಣಕೈ ಕಿತ್ತು ರಕ್ತ ಸುರಿಯುತ್ತಿತ್ತು. ಅವಳು ಮೊದಲು ಗಂಟನ್ನು ಬಿಚ್ಚಿದಳು.

ಚುಚ್ಚುವುದು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆಚೆ ದಡದಲ್ಲಿ ಹೆರಾಲ್ಡ್, ಬನಿಯನ್ನಿನಲ್ಲಿ, ಎರಡೂ ಕೈಯೆತ್ತಿ ಬೆರಳುಗಳನ್ನು ತೆರೆದು ಮುಚ್ಚಿ ತೆರೆದು, ಎಷ್ಟು ಔಷಧಿ ಎಳೆಯಬೇಕೆಂದು ತೋರಿಸತೊಡಗಿದರು. ಬೆಟ್ಟಿ ಅವರನ್ನು ಒಂದು ಕ್ಷಣ ನೋಡಿದರು. ಆಮೇಲೆ ಅಂಗೈಯನ್ನು ಕೆಳಗೆ ಮಾಡಿ, ಸಾಕು, ಕೈಯಿಳಿಸು ಎಂಬ ಹಾಗೆ ಸನ್ನೆ ಮಾಡಿದರು.

“ಇಷ್ಟು ವರ್ಷ ದಿನಾ ಎರಡು ಸಲ ನೋಡಿದ್ದೇನೆ. ನನಗೇನು ಕಣ್ಣಿಲ್ಲವೇ?” ಎಂದರು ನನಗೆ.

ಬೆಟ್ಟಿ ಬಾಟಲಿಯನ್ನು ತಲೆಕೆಳಗು ಹಿಡಿದು ಔಷಧಿ ಎಳೆದರು. ಗಾಳಿಯ ಗುಳ್ಳೆಯನ್ನು ಬೆರಳಿನಿಂದ ತಟ್ಟಿ ಹೊರಗೆ ಕಳಿಸಿದರು. ಅಂಗಿಯ ಅಂಚು ಸರಿಸಿ ಹೊಟ್ಟೆಗೆ ಚುಚ್ಚಿಕೊಂಡರು. ಎದುರು ಬಂಡೆಯ ಮೇಲೆ ಹೆರಾಲ್ಡ್ ಮೆಲ್ಲಗೆ ಕೈಯಿಳಿಸಿದರು.

ಅಪಾಯ ಅಷ್ಟಕ್ಕೇ ಮುಗಿಯಲಿಲ್ಲ. ಇಡೀ ದಿನ ಬೆಟ್ಟಿ ಬಹಳ ಸುಸ್ತಾಗಿಯೇ ಇದ್ದರು. ಗುಟುಕು ಗುಟುಕಾಗಿ ಉಪ್ಪು ಬೆರೆಸಿದ ನೀರು ಕುಡಿಸಿದೆವು. ಎಷ್ಟು ಹೊತ್ತಿಗೆ ಮತ್ತೆ ಚುಚ್ಚಿಕೊಳ್ಳಬೇಕು, ಎಷ್ಟು ತಿನ್ನಬೇಕು, ಎಲ್ಲವನ್ನೂ ಅವರೇ ನಿರ್ಧರಿಸಿದರು. ಮಾರನೆಯ ದಿನ ಎದ್ದು ಕೂತರು. ಅಂದು ಅವರ ಹುಟ್ಟುಹಬ್ಬ ಎಂಬುದು ನೆನಪಾದದ್ದು ಅವರಿಗೇ. ಪೆಟ್ರುಸ್ ಆಫ್ರಿಕಾನ್ಸ್ ಭಾಷೆಯಲ್ಲೂ ಸುಮಾ ಕನ್ನಡದಲ್ಲೂ ಹಾಡಿದರು. ಬೆಟ್ಟಿ ನಕ್ಕರು. ಆಮೇಲೆ ಒಬ್ಬರೇ ಹೋಗಿ ಮರಗಳಾಚೆ ನಿಂತುಕೊಂಡರು. ಈ ದಡದಲ್ಲಿ ಯಾರೂ ಅವರನ್ನು ಕರೆಯಲಿಲ್ಲ.

ನೀರು ಇಳಿದು ಜೀಪು ದಾಟುವಂತಾದ ದಿನ ಹೆರಾಲ್ಡ್ ಮೊಣಕಾಲುದ್ದ ಕೆಸರಿನಲ್ಲಿ ನಡೆದೇ ಬಂದುಬಿಟ್ಟರು. ಬೆಟ್ಟಿಯನ್ನು ಅಪ್ಪಿಕೊಂಡು ಮಗುವಿನಂತೆ ಅತ್ತರು. ಬೆಟ್ಟಿ ಅವರ ಬೆನ್ನು ತಟ್ಟುತ್ತಿದ್ದರು. ಪಕ್ಕದಲ್ಲಿ ಗುರು ಸುಮಾಳ ಮೊಣಕೈಯನ್ನು ತಿರುಗಿಸಿ ನೋಡುತ್ತಾ, “ಸೋಮವಾರ ಆಫೀಸ್ ಇತ್ತು ಕಣೆ, ಇನ್ನು ಏನಂತಾರೋ” ಎಂದು ಗೊಣಗುತ್ತಿದ್ದ. ಆಫೀಸಿನಲ್ಲಿ ಯಾರೂ ಏನೂ ಅನ್ನಲಿಲ್ಲವಂತೆ. ಅಟ್ಲಾಂಟಾದಲ್ಲಿ ಇಮಿಗ್ರೇಷನ್ ಅಧಿಕಾರಿ ಅವನ ಪಾಸ್‌ಪೋರ್ಟನ್ನು ಎರಡು ನಿಮಿಷವೂ ನೋಡಲಿಲ್ಲ.

ಊರಿಗೆ ಬಂದ ಮೇಲೆ ಹೆರಾಲ್ಡ್‌ರ ಭಯ ಸಿಟ್ಟಿಗೆ ತಿರುಗಿತು. ಇದು ಈ ಕೆಲಸದಲ್ಲಿ ಸಹಜ. ಒಂದು ಬೆಳಿಗ್ಗೆ ಗ್ರೀನ್‌ವಿಲ್‌ನಿಂದ ಅವರ ಫೋನು ಬಂತು. ಮಿಸ್ ಈವ್ಲಿನ್ ಮಾತಾಡುತ್ತಾ, ಕೇಳು ಎಂದು ನನಗೆ ಸನ್ನೆ ಮಾಡಿದರು. ನಾನು ನನ್ನ ಮೇಜಿನ ರಿಸೀವರ್ ಎತ್ತಿಕೊಂಡೆ. ಮಳೆಗಾಲದಲ್ಲಿ ಕಳಿಸಿದ್ದು ನಿಮ್ಮ ತಪ್ಪು, ಲಾಯರನ್ನು ನೋಡಿದ್ದೇನೆ, ನಿಮ್ಮ ಅಂಗಡಿ ಮುಚ್ಚಿಸುತ್ತೇನೆ ಎಂದು ಅವರು ಒಂದೇ ಸಮನೆ ಹೇಳುತ್ತಿದ್ದರು. ಮುಚ್ಚಿಸಬಲ್ಲವರಾಗಿದ್ದರು ಕೂಡ. ನಮ್ಮದು ಅಷ್ಟು ಸಣ್ಣ ಕಚೇರಿ. ಮಿಸ್ ಈವ್ಲಿನ್‌ರ ಮುಖ ಬಿಳಿಚಿಕೊಂಡಿತ್ತು. ಕಡುಬಿನಿಂದ ಸರಿಹೋಗುವ ದೂರಲ್ಲ ಇದು.

ನಡುವೆ ಫೋನಿನಲ್ಲಿ ಕ್ಲಿಕ್ಕೆಂಬ ಸದ್ದಾಯಿತು.

“ಹೆರಾಲ್ಡ್, ನಾನು ಅಡುಗೆಮನೆಯ ಫೋನಿನಲ್ಲಿದ್ದೇನೆ” ಎಂದರು ಬೆಟ್ಟಿ. “ಮಾರ್ಚ್ ಬೇಕೆಂದವನು ನೀನು. ಈಗ ಫೋನ್ ಇಡು.”

“ಬೆಟ್ಟಿ, ನಿನಗೆ ಗೊತ್ತಾಗುವುದಿಲ್ಲ...”

“ಮಿಸ್ ಈವ್ಲಿನ್, ಸೆಪ್ಟೆಂಬರ್ ತಂಡದಲ್ಲಿ ಒಂದು ಜಾಗ ಇದೆಯೇ?”

“ಒಂದೇ?” ಎಂದು ಕೇಳಿದವರು ಹೆರಾಲ್ಡ್.

“ಒಂದೇ.”

ಮಿಸ್ ಈವ್ಲಿನ್ ಸೆಪ್ಟೆಂಬರ್ ಪಟ್ಟಿಯನ್ನು ಹತ್ತಿರ ಎಳೆದುಕೊಂಡು, ಇದೆ ಮ್ಯಾಡಮ್ ಎಂದರು. ಮೊಕದ್ದಮೆಯ ಮಾತು ಅಲ್ಲಿಗೆ ನಿಂತಿತು. ಆ ವಾರವೇ ಮಿಸ್ ಈವ್ಲಿನ್ ಜನವರಿಯಿಂದ ಏಪ್ರಿಲ್‌ವರೆಗಿನ ಎಲ್ಲ ನದಿ ದಾರಿಗಳನ್ನೂ ನಿಲ್ಲಿಸಿದರು. ನನ್ನ ಮಾತು ಸರಿಯಿತ್ತೆಂದು ಹೇಳಲಿಲ್ಲ. ಅಂದಿನಿಂದ ಅವರವರ ಔಷಧಿ ಅವರವರ ಮೈಮೇಲೇ ಇರಬೇಕು, ತಾವೇ ತೆಗೆದುಕೊಳ್ಳಲು ಬರಬೇಕು ಎಂಬುದು ನಮ್ಮ ಕಚೇರಿಯ ಮೊದಲ ನಿಯಮವಾಯಿತು. ಬರುವುದಿಲ್ಲ ಎಂದವರಿಗೆ ಹೋಗಬೇಡಿ ಎನ್ನುತ್ತಿದ್ದೆ. ರಿಯಾ, ನೀನೂ ಹೇಳು. ಸಿಟ್ಟು ಮಾಡಿಕೊಳ್ಳುತ್ತಾರೆ, ಹೇಳು.

ಸೆಪ್ಟೆಂಬರ್‌ನಲ್ಲಿ ಬೆಟ್ಟಿಯನ್ನು ಬಿಡಲು ಹೆರಾಲ್ಡ್ ಗ್ರೀನ್‌ವಿಲ್‌ನಿಂದ ಅಟ್ಲಾಂಟಾ ಏರ್‌ಪೋರ್ಟಿನವರೆಗೆ ಕಾರು ಓಡಿಸಿಕೊಂಡು ಬಂದಿದ್ದರು. ಆ ದಿನಗಳಲ್ಲಿ ಬೀಳ್ಕೊಡುವವರನ್ನೂ ವಿಮಾನದ ಗೇಟಿನವರೆಗೆ ಬಿಡುತ್ತಿದ್ದರು. ಬೆಟ್ಟಿ ಅವರ ಕೆನ್ನೆಗೆ ಮುತ್ತಿಟ್ಟು ಸಾಲಿನಲ್ಲಿ ಮುಂದೆ ಹೋದರು. ಆ ತಂಡಕ್ಕೂ ಮುಂದಾಳಾಗಿದ್ದ ನಾನು ಕೊನೆಯಲ್ಲಿ ಉಳಿದಿದ್ದೆ. ಹೆರಾಲ್ಡ್ ನನ್ನ ಹತ್ತಿರ ಬಂದರು. ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

“ಬೆಳಿಗ್ಗೆ ತಿಂಡಿಗೆ ಮುಂಚೆ ಚುಚ್ಚಿಕೊಳ್ಳಬೇಕು” ಎಂದರು.

“ಅವರಿಗೆ ಗೊತ್ತು, ಹೆರಾಲ್ಡ್.”

“ಗೊತ್ತು” ಎಂದರು. “ಅವಳಿಗೆ ಗೊತ್ತೆಂದು ನನಗೂ ಗೊತ್ತು. ಸುಮ್ಮನೆ ಯಾರಿಗಾದರೂ ಹೇಳಬೇಕೆನ್ನಿಸಿತು.”

ನಾನು ವಿಮಾನದೊಳಗೆ ಹೋದೆ. ಬೆಟ್ಟಿ ಕಿಟಕಿಯ ಪಕ್ಕ ಕೂತು ಬೆಲ್ಟು ಹಾಕಿಕೊಂಡಿದ್ದರು. ಅಲ್ಲಿಂದ ಗೇಟಿನ ಗಾಜು ಕಾಣುತ್ತಿತ್ತು, ಅದರ ಹಿಂದೆ ಹೆರಾಲ್ಡ್ ಇನ್ನೂ ನಿಂತಿದ್ದರು. ಬೆಟ್ಟಿ ಅವರಿಗೆ ಕಾಣುವಂತೆ ಗಾಜಿಗೆ ಅಂಗೈ ಒತ್ತಿ ಹಿಡಿದರು. ವಿಮಾನ ಹಿಂದಕ್ಕೆ ಸರಿಯುವವರೆಗೂ ತೆಗೆಯಲಿಲ್ಲ.